ಹಿತ್ತಲಲ್ಲಿ ಹಾಪ್ಸ್: ಮೊದಲ ವರ್ಷ ಹೂವು ಕೇಳಬೇಡಿ

ಪಾಡ್‌ಕಾಸ್ಟ್‌ನ ಪಠ್ಯ ರೂಪ

ಬಿಯರ್‌ಗೆ ಕಹಿ ಎಲ್ಲಿಂದ ಬರುತ್ತೆ ಅಂತ ಹೋದ ಸಂಚಿಕೆಯಲ್ಲಿ ಮಾತಾಡಿದ್ವಿ. ಆಮೇಲೆ ಎರಡು ಥರದ ಮೆಸೇಜ್ ಬಂದವು. ಜರ್ಮನಿ, ಅಮೆರಿಕದಲ್ಲಿರೋ ಕನ್ನಡಿಗರು ‘ನಮ್ಮ ಹಿತ್ತಲಲ್ಲಿ ಹಾಪ್ಸ್ ಬೆಳೆಸಬಹುದಾ’ ಅಂತ ಕೇಳಿದ್ರು. ಬೆಂಗಳೂರಿನವರು ‘ಬಾಲ್ಕನಿಯಲ್ಲಿ ಆಗುತ್ತಾ’ ಅಂದ್ರು. ಮೊದಲನೆಯವರಿಗೆ ಉತ್ತರ ಹೌದು. ಎರಡನೆಯವರು ಸ್ವಲ್ಪ ತಡೀರಿ, ಅಲ್ಲಿಗೂ ಬರ್ತೀನಿ.

ಹಾಪ್ಸ್ ಅಂದರೆ ಒಂದು ಬಳ್ಳಿಯ ಹೂವು. ಹಸಿರು ಕಾಗದದ ಚೂರುಗಳನ್ನು ಒಂದರ ಮೇಲೊಂದು ಜೋಡಿಸಿದ ಹಾಗೆ ಕಾಣುತ್ತೆ. ಬೆಳೆಗಾರರು ಇದನ್ನು ಕೋನ್ ಅಂತಾರೆ. ಪದರ ಬಿಡಿಸಿ ನೋಡಿದರೆ ಬುಡದಲ್ಲಿ ಅರಿಸಿನದಂಥ ಹಳದಿ ಪುಡಿ ಇರುತ್ತೆ. ಅದೇ ಲುಪುಲಿನ್. ಹಾಪ್ಸ್ ಕೊಡೋ ಕಹಿ, ಘಮ ಎರಡೂ ಅದರೊಳಗೇ ಇರೋದು. ಸಸ್ಯಶಾಸ್ತ್ರದ ಪ್ರಕಾರ ಇದು ಗಾಂಜಾ ಗಿಡದ ಕುಟುಂಬಕ್ಕೆ ಸೇರಿದ್ದು, ಆದರೆ ಆ ಅಮಲು ಇದರಲ್ಲಿಲ್ಲ. ನಿರಾಸೆ ಆದವರು ಕ್ಷಮಿಸಿ.

ಮೊದಲ ಎಡವಟ್ಟು ಆಗೋದೇ ಬೀಜ ತರಿಸಿದಾಗ. ಪಪ್ಪಾಯಿಯ ಹಾಗೆ ಇದರಲ್ಲೂ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಬೇಕಾದ ಕೋನ್ ಬಿಡೋದು ಹೆಣ್ಣು ಬಳ್ಳಿ ಮಾತ್ರ. ಬೀಜದಿಂದ ಬಂದ ಗಿಡ ಯಾವುದು ಅನ್ನೋದು ಅದು ಹೂ ಬಿಡೋವರೆಗೂ ಗೊತ್ತಾಗಲ್ಲ. ಹಾಗಾಗಿ ನರ್ಸರಿಯಿಂದ ಹೆಣ್ಣು ಗಿಡದ ಬೇರುಕಾಂಡವನ್ನೇ ಕೇಳಿ ತನ್ನಿ. ಶುಂಠಿ ಥರ ನೆಲದೊಳಗೆ ಹರಡೋ ಕಾಂಡದ ತುಂಡು ಅದು. ಹೊಸಬರಿಗೆ ಅಮೆರಿಕದಲ್ಲಿ 1972ರಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ತಳಿ ಒಳ್ಳೇದು, ಹೆಚ್ಚು ರಗಳೆ ಮಾಡಲ್ಲ. ಜಾಗ ಕಮ್ಮಿ ಇದ್ದರೆ ಇಂಗ್ಲೆಂಡಿನ ಗಿಡ್ಡ ತಳಿ ಫಸ್ಟ್ ಗೋಲ್ಡ್ ನೋಡಿ.

ಮಂಜು ಬೀಳೋದು ನಿಂತ ಮೇಲೆ, ವಸಂತದಲ್ಲಿ ನೆಡಬೇಕು. ದಿನಕ್ಕೆ 6ರಿಂದ 8 ಗಂಟೆ ಬಿಸಿಲು ಬೀಳೋ ಜಾಗ, ನೀರು ನಿಲ್ಲದ ಮಣ್ಣು, ಒಂದಿಷ್ಟು ಕಾಂಪೋಸ್ಟ್. ಮೊಳಕೆ ಮೇಲ್ಮುಖವಾಗಿರಲಿ, ಮೇಲೆ ಒಂದೆರಡು ಇಂಚು ಮಣ್ಣು ಸಾಕು. ಕುಂಡದಲ್ಲಾದರೆ 50 ಲೀಟರಿಗಿಂತ ಚಿಕ್ಕದು ಬೇಡ.

ಇನ್ನು ಆಸರೆ. ಇದರಲ್ಲಿ ಕೈ ಬಿಗಿ ಮಾಡಬೇಡಿ, ಯಾಕಂದ್ರೆ ಈ ಬಳ್ಳಿ 15–20 ಅಡಿ ಏರುತ್ತೆ. ಹಾಗಲದ ಹಾಗೆ ಇದಕ್ಕೆ ಹಿಡಿದುಕೊಳ್ಳೋ ಕುಡಿ ಇಲ್ಲ, ಕಾಳುಮೆಣಸಿನ ಹಾಗೆ ಮರಕ್ಕೆ ಅಂಟೋ ಬೇರೂ ಇಲ್ಲ. ಕಾಂಡದ ಮೇಲಿನ ಒರಟು ಕೂದಲಿನಿಂದ ಹಗ್ಗ ಕಚ್ಚಿಕೊಂಡು ಸುತ್ತುತ್ತಾ ಹೋಗುತ್ತೆ. ನುಣುಪಾದ ಪ್ಲಾಸ್ಟಿಕ್ ದಾರಕ್ಕಿಂತ ತೆಂಗಿನ ನಾರಿನ ಹಗ್ಗ ವಾಸಿ. ಅಮೆರಿಕದ ಅಂಗಡಿಗಳಲ್ಲೂ ಅದು ‘ಕಾಯರ್’ ಹೆಸರಲ್ಲೇ ಸಿಗುತ್ತೆ, ನಮ್ಮ ಕಡೆಯ ಪದ! ಬಳ್ಳಿಗಳು ಒಂದಡಿ ಆದಾಗ ಗಟ್ಟಿಮುಟ್ಟಾದ ಎರಡೋ ಮೂರೋ ಉಳಿಸಿ, ಉಳಿದವನ್ನು ಕತ್ತರಿಸಿ. ಉಳಿಸಿದ್ದನ್ನು ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳು ತಿರುಗೋ ದಿಕ್ಕಿಗೇ ಹಗ್ಗಕ್ಕೆ ಸುತ್ತಿ. ಉಲ್ಟಾ ಸುತ್ತಿದರೆ ಅದು ತಾನೇ ಬಿಚ್ಚಿಕೊಳ್ಳುತ್ತೆ. ಕೈಗವಸು ಹಾಕ್ಕೊಳ್ಳಿ, ಆ ಕೂದಲು ತಾಗಿ ಕೆಲವರಿಗೆ ಚರ್ಮ ಕೆಂಪಾಗಿ ತುರಿಸುತ್ತೆ.

ಮೊದಲ ವರ್ಷ ನಾಲ್ಕೈದು ಹಿಡಿ ಕೋನ್ ಬಂದ್ರೂ ದೊಡ್ಡದು. ಆ ವರ್ಷ ಗಿಡ ತನ್ನ ಶಕ್ತಿಯನ್ನೆಲ್ಲ ಬೇರಿಗೆ ಹಾಕುತ್ತೆ. ಪೂರ್ತಿ ಫಸಲು ಸಿಗೋದು ಮೂರನೇ ವರ್ಷದಿಂದ. ಗೊಬ್ಬರ ಸುರಿದು ಅವಸರ ಮಾಡೋರಿಗೆ ಎಲೆ ಸಿಗುತ್ತೆ, ಹೂವಲ್ಲ. ನೀರನ್ನು ಬುಡಕ್ಕೆ ಮಾತ್ರ ಹಾಕಿ. ಎಲೆ ನೆನೆದರೆ ಬೂಜು ರೋಗ ಬರುತ್ತೆ. ಚಳಿಗಾಲದಲ್ಲಿ ಬಳ್ಳಿ ಪೂರ್ತಿ ಒಣಗಿದರೆ ಸತ್ತೋಯ್ತು ಅಂತ ಕಿತ್ತು ಬಿಸಾಕಬೇಡಿ. ನೆಲದೊಳಗೆ ಜೀವ ಇರುತ್ತೆ, ವಸಂತಕ್ಕೆ ಮತ್ತೆ ಚಿಗುರುತ್ತೆ.

ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ಕೋನ್ ಹಿಚುಕಿ ನೋಡಿ. ಒದ್ದೆ ಒದ್ದೆ ಅನಿಸಿದರೆ ಇನ್ನೂ ಬಲಿತಿಲ್ಲ. ಕಾಗದದ ಹಾಗೆ ಸರಸರ ಅಂದು, ಕೈ ಬಿಟ್ಟ ಕೂಡಲೇ ಉಬ್ಬಿದರೆ ಕೊಯ್ಯಬಹುದು. ಹಸಿ ಕೋನ್‌ನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ ಇರೋದರಿಂದ ಬೇಗ ಕೆಡುತ್ತೆ. ಜಾಲರಿ ಮೇಲೆ ಹರಡಿ, ನೆರಳಲ್ಲಿ ಫ್ಯಾನ್ ಹಾಕಿ ಒಣಗಿಸಿ. ಒವನ್ ಆದರೆ 60 ಡಿಗ್ರಿ ದಾಟಿಸಬೇಡಿ. ನಡುವಿನ ಕಡ್ಡಿ ಲಟಕ್ ಅಂತ ಮುರಿದರೆ ಒಣಗಿದೆ ಅಂತ ಲೆಕ್ಕ. ಗಾಳಿ ಆಡದ ಚೀಲದಲ್ಲಿ ತುಂಬಿ ಫ್ರೀಜರ್‌ಗೆ ಹಾಕಿ.

ನಾಯಿ ಸಾಕಿದವರು ಇದನ್ನು ಗಮನವಿಟ್ಟು ಕೇಳಿ. ಹಾಪ್ಸ್ ನಾಯಿಗಳಿಗೆ ವಿಷ. ತಿಂದರೆ ಮೈ ಬಿಸಿ ವಿಪರೀತ ಏರಿ ಪ್ರಾಣವೇ ಹೋಗಬಹುದು. ಬಿಯರ್‌ಗೆ ಕುದಿಸಿ ಬಿಸಾಡಿದ ಚರಟವೂ ಅಷ್ಟೇ ಅಪಾಯ. ನಾಯಿ ಬಾಯಿ ಹಾಕಿದ್ದು ಕಂಡರೆ ಏನಾಗುತ್ತೋ ನೋಡೋಣ ಅಂತ ಕಾಯಬೇಡಿ, ಆಗಲೇ ಪಶುವೈದ್ಯರ ಹತ್ತಿರ ಓಡಿ.

ಈಗ ಬೆಂಗಳೂರಿನವರು. ಇಲ್ಲಿ ತೊಡಕು ಮಣ್ಣಿನದ್ದಲ್ಲ, ಹಗಲಿನದ್ದು. ಜರ್ಮನಿಯ ಹಾಲರ್‌ಟೌ, ಅಮೆರಿಕದ ಯಾಕಿಮಾ ಕಣಿವೆಯಂಥ ಕಡೆ ಜೂನ್‌ನಲ್ಲಿ ಹಗಲು 16 ಗಂಟೆಯ ಹತ್ತಿರ ಇರುತ್ತೆ. ಆ ಉದ್ದದ ಹಗಲಲ್ಲಿ ಬಳ್ಳಿ ಸುಮ್ನೆ ಎತ್ತರ ಏರುತ್ತೆ, ಹಗಲು ಕುಗ್ಗೋಕೆ ಶುರುವಾದ ಮೇಲೆ ಹೂ ಬಿಡುತ್ತೆ. ಬೆಂಗಳೂರಲ್ಲಿ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟಲ್ಲ. ಬಳ್ಳಿ ಇನ್ನೂ ಗಿಡ್ಡ ಇರುವಾಗಲೇ ಹೂ ಬಿಡೋಕೆ ಹೋಗಿ ಫಸಲು ಸೊರಗುತ್ತೆ. ದಕ್ಷಿಣ ಆಫ್ರಿಕಾದ ಬೆಳೆಗಾರರು ಹಿಂದೆ ತೋಟಕ್ಕೆ ದೀಪ ಹಾಕಿ ಹಗಲನ್ನು ಉದ್ದ ಮಾಡಿದ್ದರು. ಬಾಲ್ಕನಿಯಲ್ಲಿ ನೀವೂ ಗ್ರೋ ಲೈಟ್ ಹಾಕಬಹುದು, ಕರೆಂಟ್ ಬಿಲ್ ನಿಮ್ಮದು. ಎಲೆ ಚೆಂದ ಅಂತ ಬೆಳೆಸೋದಾದರೆ ನನ್ನ ತಕರಾರಿಲ್ಲ, ಬಿಯರ್‌ಗೆ ಅಂತಾದರೆ ಒಣ ಹಾಪ್ಸ್ ಕೊಳ್ಳೋದೇ ಅಗ್ಗ.

ಹಾಂ, ‘ಅಣ್ಣ ವಿದೇಶದಿಂದ ಬರುವಾಗ ಒಂದು ತುಂಡು ಸೂಟ್‌ಕೇಸ್‌ನಲ್ಲಿ ತರ್ತಾನೆ’ ಅನ್ನೋರಿಗೆ: ನೆಡೋ ಗಿಡ, ಬೇರು ಭಾರತಕ್ಕೆ ತರೋಕೆ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಮೊದಲೇ ಅನುಮತಿ ಬೇಕು. ಆ ತುಂಡಿನ ಜೊತೆ ಇಲ್ಲಿಲ್ಲದ ರೋಗವೂ ಬರಬಹುದು. ಇನ್ನು ಕರ್ನಾಟಕದಲ್ಲಿ ಅಬಕಾರಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡೋದು ಅಪರಾಧ, ಹಾಪ್ಸ್ ಬಾಲ್ಕನಿಯದ್ದಾದರೂ ಅಂಗಡಿಯದ್ದಾದರೂ.