ಕಾಫಿ ತೋಟದ ಕೀಟಗಳಿಗೆ ಸಹಜ ಮದ್ದು – ಹಾಲಿಗೂ ರಕ್ಷಣೆ



ಚಿಕ್ಕಮಗಳೂರು, ಮೂಡಿಗೆರೆ, ಕಳಸ ಭಾಗದ ನಿಮ್ಮಲ್ಲಿ ಅನೇಕರು ಕಾಫಿ ಗಿಡಗಳ ನಡುವಿನ ಹುಲ್ಲನ್ನೇ ಕೊಯ್ದು ಹಸುವಿಗೆ ಹಾಕುತ್ತೀರಿ. ಆದ್ದರಿಂದ ಗಿಡಕ್ಕೆ ಹೊಡೆದ ವಿಷ ಹುಲ್ಲಿನ ಮೂಲಕ ಹಸುವಿನ ಹೊಟ್ಟೆ ಸೇರಬಹುದು. ಹಿಂದೆ ಕಾಂಡಕೊರಕಕ್ಕೆ ಲಿಂಡೇನ್, ಕಾಯಿಕೊರಕಕ್ಕೆ ಎಂಡೋಸಲ್ಫಾನ್ ಬಳಕೆಯಲ್ಲಿದ್ದವು. ಲಿಂಡೇನ್ ಪ್ರಾಣಿಗಳ ಕೊಬ್ಬಿನಲ್ಲಿ ಶೇಖರವಾಗಿ, ಹಾಲಿನ ಜಿಡ್ಡಿನೊಡನೆ ಹೊರಬರುತ್ತದೆ. ಎಂಡೋಸಲ್ಫಾನ್ 2011ರಲ್ಲಿ, ಲಿಂಡೇನ್ 2013ರಲ್ಲಿ ನಮ್ಮ ದೇಶದಲ್ಲಿ ನಿಷೇಧವಾದವು. ಈಗಲೂ ಬೇರೆ ವಿಷಗಳು ಬಳಕೆಯಲ್ಲಿವೆ. ಅವುಗಳ ಅಗತ್ಯವನ್ನೇ ಕಡಿಮೆ ಮಾಡುವ ವಿಧಾನಗಳನ್ನು ಇಲ್ಲಿ ತಿಳಿಸಲಾಗಿದೆ.

ಬಿಳಿ ಕಾಂಡಕೊರಕ

ಇದು ಅರೇಬಿಕಾ ಗಿಡದ ದೊಡ್ಡ ಶತ್ರು. ದುಂಬಿಗಳು ಏಪ್ರಿಲ್–ಮೇ ಹಾಗೂ ಅಕ್ಟೋಬರ್–ಡಿಸೆಂಬರ್ ತಿಂಗಳುಗಳಲ್ಲಿ ಹೊರಬಂದು ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತವೆ. ಬಿಸಿಲು ಬೀಳುವ ಜಾಗದಲ್ಲಿ ಹಾವಳಿ ಹೆಚ್ಚು. ಆದ್ದರಿಂದ ನೆರಳು ಮರಗಳನ್ನು ಉಳಿಸಿಕೊಳ್ಳಿ. ಹಾರಾಟದ ಕಾಲಕ್ಕೆ ಮೊದಲೇ ಕೀಟ ಹಿಡಿದ ಗಿಡಗಳನ್ನು ಕಿತ್ತು ಸುಟ್ಟುಬಿಡಿ. 20 ಕಿಲೋ ಸುಣ್ಣವನ್ನು 200 ಲೀಟರ್ ನೀರಿನಲ್ಲಿ ಕಲಸಿ ಕಾಂಡಕ್ಕೆ ಸಿಂಪಡಿಸಿ.

ಈ ಜಾತಿಯ ಗಂಡು ದುಂಬಿ ಒಂದು ವಾಸನೆ ಹೊರಡಿಸಿ ಹೆಣ್ಣನ್ನು ಕರೆಯುತ್ತದೆ. ಅದೇ ವಾಸನೆಯ ವಸ್ತುವನ್ನಿಟ್ಟ ಮೋಹಕ ಬಲೆಗಳಿಗೆ ಹೆಣ್ಣು ದುಂಬಿಗಳು ಬಂದು ಬೀಳುತ್ತವೆ.

ಕಾಯಿಕೊರಕ

1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಭಾರತದಲ್ಲೇ ಮೊದಲಿಗೆ ಕಂಡುಬಂದ ಈ ಸಣ್ಣ ಕಪ್ಪು ದುಂಬಿ ಕಾಯಿಯ ತುದಿಯಲ್ಲಿ ತೂತು ಕೊರೆದು ಒಳಗೇ ಸಂತಾನ ಬೆಳೆಸುತ್ತದೆ. ಗಿಡದಲ್ಲಿ ಉಳಿದ, ನೆಲಕ್ಕೆ ಉದುರಿದ ಹಣ್ಣುಗಳೇ ಇದರ ಆಸರೆ. ಅವನ್ನು ಪೂರ್ತಿ ಆರಿಸಿ ತೆಗೆಯುವುದೇ ಮೊದಲ ಮದ್ದು.

ಬ್ಯುವೇರಿಯಾ ಎಂಬ ಶಿಲೀಂಧ್ರ ಈ ದುಂಬಿಯ ಮೈಮೇಲೆ ಬೆಳೆದು ಕೊಲ್ಲುತ್ತದೆ. ತೇವ ಇದ್ದಾಗ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ರೇಷ್ಮೆ ಹುಳುವಿಗೆ ಸುಣ್ಣಕಟ್ಟು ರೋಗ ತರುವುದೂ ಇದೇ. ಹಿಪ್ಪುನೇರಳೆ ತೋಟದ ಹತ್ತಿರ ಬಳಸಬೇಡಿ. ಬೋರ್ಡೋ ದ್ರಾವಣದೊಂದಿಗೆ ಬೆರೆಸಿದರೆ ಶಿಲೀಂಧ್ರವೇ ಸಾಯುತ್ತದೆ.

ಹಿಟ್ಟು ತಿಗಣೆ

ಇದನ್ನು ತಿನ್ನುವ ಗುಲಗಂಜಿ ಹುಳುವೊಂದನ್ನು 1898ರಲ್ಲಿಯೇ ಆಸ್ಟ್ರೇಲಿಯಾದಿಂದ ಭಾರತಕ್ಕೆ ತರಲಾಯಿತು. ಇದರ ಮರಿಯ ಮೈಮೇಲೂ ಬಿಳಿ ಮೇಣ ಇರುತ್ತದೆ. ತಿಗಣೆಯೆಂದು ತಿಳಿದು ಕೊಲ್ಲಬೇಡಿ. ಇರುವೆಗಳು ತಿಗಣೆಯನ್ನು ಕಾಯುತ್ತವೆ. ಮೊದಲು ಇರುವೆ ಕಡಿಮೆ ಮಾಡಿ. ವಿಷ ಹೊಡೆದರೆ ಗುಲಗಂಜಿ ಹುಳುಗಳು ಸತ್ತು, ತಿಗಣೆ ಮತ್ತೆ ಹೆಚ್ಚಬಹುದು.

ಬೇವಿನ ಬೀಜದ ಕಷಾಯ

ಬೇವಿನ ಬೀಜದಲ್ಲಿರುವ ಅಜಾಡಿರಾಕ್ಟಿನ್ ಎಂಬ ವಸ್ತು ಕೀಟಗಳು ಎಲೆ ತಿನ್ನದಂತೆ, ಪೊರೆ ಕಳಚದಂತೆ ಮಾಡುತ್ತದೆ. ಬೀಜವನ್ನು ಕಡೂರು ಕಡೆಯ ಬಯಲುಸೀಮೆಯಿಂದ ತರಿಸಿಕೊಳ್ಳಬಹುದು. 1 ಕಿಲೋ ತಿರುಳಿನ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಚೆನ್ನಾಗಿ ಹಿಂಡಿ ಒಟ್ಟು 20 ಲೀಟರ್ ಮಾಡಿ. ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಿ. ತರಕಾರಿಯ ಎಲೆ ತಿನ್ನುವ ಹುಳುಗಳಿಗೆ ಇದು ಒಳ್ಳೆಯದು. ಕಾಂಡದೊಳಗೆ ಸೇರಿದ ಹುಳುವಿಗೆ ಇದು ತಾಗುವುದಿಲ್ಲ.

ನೆನಪಿಡಿ

1. ವಿಷ ಹೊಡೆಯಲೇಬೇಕಾದರೆ, ಮೊದಲೇ ಹುಲ್ಲು ಕೊಯ್ದು ಇಟ್ಟುಕೊಳ್ಳಿ. ಡಬ್ಬಿಯ ಮೇಲೆ ಬರೆದ ದಿನಗಳು ಕಳೆಯುವವರೆಗೆ ಅಲ್ಲಿ ಹುಲ್ಲು ಕೊಯ್ಯಬೇಡಿ, ದನ ಬಿಡಬೇಡಿ.
2. ಬೇರೆಯವರ ತೋಟದಿಂದ ಹುಲ್ಲು ತರುವಾಗ ಯಾವಾಗ, ಏನು ಹೊಡೆದಿದ್ದಾರೆಂದು ಕೇಳಿ ತಿಳಿಯಿರಿ.
3. ಔಷಧಿಯ ಡಬ್ಬಿ, ಬಕೆಟ್ಟುಗಳನ್ನು ಹಾಲಿಗಾಗಲಿ ಹಸುವಿನ ನೀರಿಗಾಗಲಿ ಬಳಸಬೇಡಿ.

ಹೆಚ್ಚಿನ ವಿವರಗಳಿಗೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅಥವಾ ಹತ್ತಿರದ ಕಾಫಿ ಮಂಡಳಿ ಕಚೇರಿಯನ್ನು ವಿಚಾರಿಸಿ. ತೋಟ ಶುದ್ಧವಾಗಿದ್ದರೆ ಮೇವು ಶುದ್ಧ; ಮೇವು ಶುದ್ಧವಾಗಿದ್ದರೆ ಹಾಲು ಶುದ್ಧ.