ರೇಡಿಯೇಟರಿಗೆ ಬೋರ್‌ವೆಲ್ ನೀರು ಬೇಡ

ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಹಳೇ ಮಾರುತಿ 800 ಇನ್ನೂ ಓಡುತ್ತಿವೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಗಾಡಿಯ ತಯಾರಿ 2014ರಲ್ಲಿ ನಿಂತಿತು, ಓಮ್ನಿಯದು 2019ರಲ್ಲಿ. ಆದರೂ ಹಿಂದಿನ ಸೀಟು ಮಡಚಿ ತೆಂಗಿನಕಾಯಿ ಹೇರಲು, ನಸುಕಿನಲ್ಲೇ ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆಗೆ ತರಕಾರಿ ಒಯ್ಯಲು ನಮಗೆ ಇವೇ ಸೈ. ನನ್ನ ಹತ್ತಿರ ಇರುವುದೂ 800.

ನಾನು ನೋಡಿದ ಇಂಥ ಗಾಡಿಗಳಲ್ಲಿ ಹೆಚ್ಚಿನವುಗಳ ರೇಡಿಯೇಟರಿನಲ್ಲಿ ಕೂಲೆಂಟ್ ಇರಲಿಲ್ಲ, ಕೆಂಪು ಮಣ್ಣು ಕದಡಿದಂಥ ನೀರಿತ್ತು. ಕೇಳಿದರೆ, "ನಮ್ಮ ಕಡೆ ಏನು ಮಂಜುಗಡ್ಡೆ ಕಟ್ಟುತ್ತಾ? ಕೂಲೆಂಟ್ ಯಾಕ್ ಬೇಕು ಬಿಡಿ" ಅಂತಾರೆ. ಮಂಜುಗಡ್ಡೆ ತಡೆಯುವುದು ಅದರ ಒಂದು ಕೆಲಸ ಮಾತ್ರ. ನಮಗೆ ಬೇಕಾದ ಕೆಲಸ ಬೇರೆ ಎರಡಿವೆ.

ಮೊದಲನೆಯದು ಕುದಿಯುವ ಮಟ್ಟ. ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಇಲ್ಲಿ ಬರೀ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತೆ. ಅರ್ಧಕ್ಕರ್ಧ ಕೂಲೆಂಟ್ ಬೆರೆಸಿದರೆ ಅದು ಏಳೆಂಟು ಡಿಗ್ರಿ ಮೇಲೇರುತ್ತೆ. ರೇಡಿಯೇಟರಿನ ಮುಚ್ಚಳ ಒಳಗೆ ಒತ್ತಡ ಹಿಡಿದಿಟ್ಟು ಇನ್ನೂ ಸುಮಾರು ಇಪ್ಪತ್ತು ಡಿಗ್ರಿ ಏರಿಸುತ್ತೆ. ಹಾಗಾಗಿ ಮುಚ್ಚಳದ ರಬ್ಬರ್ ಒಣಗಿ ಸೀಳಿದ್ದರೆ ಎಂಥ ಕೂಲೆಂಟ್ ಹಾಕಿದರೂ ಪೂರ್ತಿ ಪ್ರಯೋಜನ ಸಿಗದು. ಏಪ್ರಿಲ್ ಬಿಸಿಲಲ್ಲಿ ಮನೆಮಂದಿಯನ್ನೆಲ್ಲ ತುಂಬಿಕೊಂಡು ದೇವರಾಯನದುರ್ಗ ಹತ್ತಿಸಿದವರಿಗೆ ಇದರ ಬೆಲೆ ಗೊತ್ತು.

ಎರಡನೆಯದು ತುಕ್ಕು ಮತ್ತು ಸುಣ್ಣ. ನಮ್ಮ ಬೋರ್‌ವೆಲ್ ನೀರು ಬಂಡೆ ಸಂದಿನ ಗಡಸು ನೀರು. ಸ್ನಾನದ ಹಂಡೆಯೊಳಗೆ ಬಿಳಿ ಪರೆ ಕಟ್ಟುತ್ತೆ, ತೋಟದ ಡ್ರಿಪ್ಪರ್ ಕಟ್ಟಿಕೊಳ್ಳುತ್ತೆ. ಅದೇ ಪರೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತೆ. ನೀರು ಓಡುವುದು ನಿಧಾನವಾದರೆ ಎಂಜಿನ್ ಕಾಯುತ್ತೆ. 800ರ ಎಂಜಿನ್ ಹೆಡ್ ಅಲ್ಯೂಮಿನಿಯಂನದು, ಅತಿ ಕಾದರೆ ಬಾಗುತ್ತೆ, ಗ್ಯಾಸ್ಕೆಟ್ ಹೋಗುತ್ತೆ. ಕೂಲೆಂಟಿನ ಖರ್ಚು ನೂರುಗಳಲ್ಲಿ ಮುಗಿದರೆ, ಹೆಡ್ ಬಿಚ್ಚಿಸುವ ಖರ್ಚು ಸಾವಿರಗಳಲ್ಲಿ.

ಇಲ್ಲೊಂದು ಎಚ್ಚರಿಕೆ. ಡ್ರಿಪ್ ಲೈನಿಗೆ ಆಸಿಡ್ ಬಿಟ್ಟು ತೊಳೆಯುವ ಅಭ್ಯಾಸ ನಮಗಿದೆ. ರೇಡಿಯೇಟರಿಗೂ ಸ್ವಲ್ಪ ಬಿಟ್ಟರಾಯಿತು ಅನ್ನುವವರಿದ್ದಾರೆ. ಆ ಆಸಿಡ್ ಪರೆಯ ಜೊತೆಗೆ ಅಲ್ಯೂಮಿನಿಯಂ ಅನ್ನೂ ತಿನ್ನುತ್ತೆ. ಖಂಡಿತಾ ಬೇಡ.

ಕೂಲೆಂಟ್ ಬದಲಿಸುವ ಕೆಲಸ ಮನೆಯಲ್ಲೇ ಆಗುತ್ತೆ. ರಾತ್ರಿ ನಿಲ್ಲಿಸಿದ ಗಾಡಿಗೆ ಬೆಳಿಗ್ಗೆ ಕೈ ಹಾಕಿ. ಬಿಸಿ ಇದ್ದಾಗ ಮುಚ್ಚಳ ತಿರುಗಿಸಿದರೆ ಕುದಿನೀರು ಮುಖಕ್ಕೇ ಚಿಮ್ಮುತ್ತೆ. ಹೀಟರ್ ಇದ್ದರೆ ಅದರ ಸನ್ನೆಯನ್ನು ಬಿಸಿಯ ಕಡೆಗೆ ತಳ್ಳಿ, ಆ ಕೊಳವೆಯ ನೀರೂ ತಿರುಗುತ್ತೆ. ರೇಡಿಯೇಟರಿನ ಅಡಿಗೆ ಅಗಲ ಬಾಂಡ್ಲಿ ಇಟ್ಟು, ಮುಚ್ಚಳ ತೆಗೆದು, ಕೆಳಮೂಲೆಯ ಡ್ರೈನ್ ತಿರುಪು ಸಡಿಲಿಸಿ. ಹಳೇ ಗಾಡಿಯಲ್ಲಿ ಅದು ಹಿಡಿದುಕೊಂಡಿರುತ್ತೆ. ಇಕ್ಕಳ ಹಾಕಿ ಬಲವಂತ ಮಾಡಿದರೆ ಮುರಿಯುವುದೇ ಜಾಸ್ತಿ. ಅದರ ಬದಲು ಕೆಳಗಿನ ಹೋಸ್ ಪೈಪಿನ ಕ್ಲಿಪ್ ಬಿಚ್ಚಿ ಪೈಪ್ ಎಳೆಯುವುದು ಲೇಸು. ಪಕ್ಕದ ಪ್ಲಾಸ್ಟಿಕ್ ಡಬ್ಬಿಯನ್ನೂ ಖಾಲಿ ಮಾಡಿ ತೊಳೆಯಿರಿ.

ಇಷ್ಟಕ್ಕೇ ಎಲ್ಲ ಇಳಿದಿರುವುದಿಲ್ಲ, ಎಂಜಿನ್ ಒಳಗೆ ಇನ್ನೂ ಉಳಿದಿರುತ್ತೆ. ಡ್ರೈನ್ ಮುಚ್ಚಿ ಒಳ್ಳೆ ನೀರು ತುಂಬಿಸಿ, ಮೇಲಿನ ಹೋಸ್ ಬಿಸಿಯಾಗುವವರೆಗೆ ಎಂಜಿನ್ ಓಡಿಸಿ. ಹೋಸ್ ಬಿಸಿಯಾಯಿತೆಂದರೆ ಥರ್ಮೋಸ್ಟಾಟ್ ತೆರೆದು ನೀರು ಎಲ್ಲ ಕಡೆ ಸುತ್ತುತ್ತಿದೆ ಎಂದರ್ಥ. ಆರಿಸಿ, ಪೂರ್ತಿ ತಣಿದ ಮೇಲೆ ಇಳಿಸಿ. ತಿಳಿ ನೀರು ಬರುವ ತನಕ ಹೀಗೇ ಮಾಡಿ. ನನ್ನ ಗಾಡಿಗೆ ನಾಲ್ಕು ಸಲ ಬೇಕಾಯಿತು. ತೊಳೆಯಲು ಊರಿನ ಶುದ್ಧ ನೀರಿನ ಘಟಕದ ನೀರು ಸಾಕು. ಬೆರೆಸಲು ಮಾತ್ರ ಡಿಸ್ಟಿಲ್ಡ್ ವಾಟರ್ ತನ್ನಿ. ಅಂಗಡಿಯಲ್ಲಿ "ಬ್ಯಾಟರಿದು" ಅಂತಷ್ಟೇ ಕೇಳಿದರೆ ಆಸಿಡ್ ಕೊಟ್ಟಾರು, ಚೀಟಿ ಓದಿ.

ಕೂಲೆಂಟ್ ಎರಡು ಬಗೆ: ಹಾಗೇ ಸುರಿಯುವಂಥದು, ನೀರು ಬೆರೆಸಬೇಕಾದದ್ದು. ಎರಡನೆಯದನ್ನು ನೂರಕ್ಕೆ 30ರಿಂದ 50 ಪಾಲಿನವರೆಗೆ ಬೆರೆಸುವುದು ವಾಡಿಕೆ. ಗಾಡಿಯ ಪುಸ್ತಕ ಹೇಳಿದ್ದೇ ಅಂತಿಮ. ಹಸಿರು, ಕೆಂಪು, ನೀಲಿ ಬಣ್ಣ ನೋಡಿ ಜಾತಿ ಹೇಳಲಾಗದು. ಅದಕ್ಕೇ ಹಳೆಯದರ ಮೇಲೆ ಬೇರೆ ಕಂಪನಿಯದನ್ನು ಸುರಿಯಬೇಡಿ.

ತುಂಬಿಸುವಾಗ ಗಾಡಿಯ ಮೂತಿ ಸ್ವಲ್ಪ ಮೇಲಿರಲಿ, ಗಾಳಿ ಸುಲಭವಾಗಿ ಹೊರಬರುತ್ತೆ. ನಿಧಾನ ಸುರಿಯಿರಿ. ಮುಚ್ಚಳ ಹಾಕದೆ ಎಂಜಿನ್ ಓಡಿಸಿ. ಗುಳ್ಳೆ ಬಂದು ಮಟ್ಟ ಇಳಿದಂತೆ ಮತ್ತೆ ಹಾಕಿ, ಹೋಸ್ ಬಿಸಿಯೇರುವ ಮೊದಲು ಎರಡು ಮೂರು ಸಲ ಅಮುಕಿ. ಓಮ್ನಿಯಲ್ಲಿ ಎಂಜಿನ್ ಸೀಟಿನ ಕೆಳಗೆ, ರೇಡಿಯೇಟರ್ ಮುಂದೆ. ಅದಕ್ಕೆ ಇನ್ನೂ ತಾಳ್ಮೆ ಬೇಕು. ಫ್ಯಾನ್ ತಾನಾಗೇ ತಿರುಗಲು ಶುರುವಾಗುತ್ತೆ, ಹೆಗಲ ಮೇಲಿನ ಟವೆಲ್ ತೆಗೆದಿಡಿ. ಫ್ಯಾನ್ ಒಮ್ಮೆ ತಿರುಗಿ ನಿಂತು ಗುಳ್ಳೆ ಬರುವುದೂ ನಿಂತರೆ ಮುಚ್ಚಿ, ಡಬ್ಬಿಯನ್ನು ಗೆರೆವರೆಗೆ ತುಂಬಿಸಿ. ಮರುದಿನ ಬೆಳಿಗ್ಗೆ ಮಟ್ಟ ನೋಡಿ.

ಇನ್ನು ಆ ಬಾಂಡ್ಲಿ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಇದು. ಕೂಲೆಂಟಿನಲ್ಲಿ ಸಾಮಾನ್ಯವಾಗಿ ಇರುವುದು ಎಥಿಲೀನ್ ಗ್ಲೈಕಾಲ್. ರುಚಿ ಸಿಹಿ, ಆದರೆ ವಿಷ. ಹತ್ತು ಕೆ.ಜಿ. ತೂಕದ ನಾಯಿಯನ್ನು ಕೊಲ್ಲಲು ನೀರು ಬೆರೆಸದ ಕೂಲೆಂಟ್ 50-60 ಮಿ.ಲೀ. ಸಾಕು. ಹೊಟ್ಟೆಗೆ ಹೋದದ್ದು ಮೂತ್ರಪಿಂಡದಲ್ಲಿ ಹರಳು ಕಟ್ಟಿ ಅದನ್ನು ಕೆಡಿಸುತ್ತೆ. ಮೊದಲು ಅಮಲೇರಿದಂತೆ ತೂರಾಡುವ ಪ್ರಾಣಿ ಆಮೇಲೆ ಸುಧಾರಿಸಿದಂತೆ ಕಾಣಬಹುದು, ಅದನ್ನು ನಂಬಿ ಕೂರಬೇಡಿ. ಕರುವಿಗೂ ಮಕ್ಕಳಿಗೂ ಇದೇ ಅಪಾಯ. ನೆಕ್ಕಿದ್ದು ಗೊತ್ತಾದ ತಕ್ಷಣ ಪಶುವೈದ್ಯರ ಹತ್ತಿರ, ಮಕ್ಕಳಾದರೆ ಆಸ್ಪತ್ರೆಗೆ ಓಡಬೇಕು, ಕ್ಯಾನನ್ನೂ ಜೊತೆಗೆ ಒಯ್ಯಬೇಕು.

ಆದ್ದರಿಂದ ಕೊಟ್ಟಿಗೆ ಹತ್ತಿರ ಈ ಕೆಲಸ ಬೇಡ. ಇಳಿಸಿದ್ದನ್ನು ಕೂಡಲೇ ಬಿಗಿ ಮುಚ್ಚಳದ ಕ್ಯಾನಿಗೆ ತುಂಬಿ, ಮೇಲೆ "ವಿಷ" ಎಂದು ಬರೆಯಿರಿ. ಚೆಲ್ಲಿದ ಜಾಗಕ್ಕೆ ಮರಳು ಹಾಕಿ ಬಳಿದು ತೆಗೆಯಿರಿ. ಅಡಿಕೆ ಬುಡಕ್ಕೋ ಚರಂಡಿಗೋ ಕೆರೆಗೋ ಚೆಲ್ಲುವಂತಿಲ್ಲ. ನಾನು ಕ್ಯಾನನ್ನು ಇಟ್ಟುಕೊಂಡಿದ್ದು ತುಮಕೂರಿಗೆ ಹೋದಾಗ ಹಳೇ ಆಯಿಲ್, ಕೂಲೆಂಟ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡುತ್ತೇನೆ. ತೆಗೆದುಕೊಳ್ಳುತ್ತಾರೋ ಇಲ್ಲವೋ, ಮೊದಲೇ ಕೇಳಿಕೊಂಡು ಹೋಗಿ.

ಕುಣಿಗಲ್‌ನಿಂದ ಬರುವಾಗ ಹೆಬ್ಬೂರಿನ ಹತ್ತಿರ ಗಾಡಿ ಕಾದು ನಿಂತಿತು ಅನ್ನಿ. ಆಗ ಡಿಸ್ಟಿಲ್ಡ್ ವಾಟರ್ ಹುಡುಕಿಕೊಂಡು ಹೋಗಲಾದೀತೆ? ಎಂಜಿನ್ ಆರಿಸಿ, ಚೆನ್ನಾಗಿ ತಣಿಯಲು ಬಿಟ್ಟು, ಸಿಕ್ಕ ಕುಡಿಯುವ ನೀರು ಹಾಕಿ ಊರು ಸೇರಿ. ಎಲ್ಲಿ ಸೋರಿದೆ ನೋಡಿಸಿ, ಆ ವಾರದೊಳಗೆ ಎಲ್ಲ ಇಳಿಸಿ ಹೊಸದು ತುಂಬಿಸಿ.