ಗೋವಿಂದನಾಮವೂ ವಿದ್ಯುತ್ ಗಿಟಾರೂ

ವಾಚಕರೆ, ಇಂಗ್ಲೆಂಡಿನಲ್ಲಿ ಅತಿ ಹೆಚ್ಚು ಮಾರಾಟವಾದ ಹಾಡುಗಳ ಪಟ್ಟಿಯೊಂದು ವಾರವಾರವೂ ಪ್ರಕಟವಾಗುತ್ತದೆಂಬುದನ್ನು ನೀವು ಬಲ್ಲಿರಿ. 1996ರ ಕೊನೆಯ ಭಾಗದಲ್ಲಿ ಆ ಪಟ್ಟಿಯ 7ನೆಯ ಸ್ಥಾನಕ್ಕೇರಿದ ಹಾಡೊಂದರಲ್ಲಿ ಇಂಗ್ಲಿಷಿನ ಒಂದು ಪದವೂ ಇರಲಿಲ್ಲ. ಅದರ ಭಾಷೆ ಸಂಸ್ಕೃತ. ವಸ್ತು ಗೋವಿಂದನ ನಾಮ. ಹಾಡಿದವರು ಆಂಗ್ಲ ತರುಣರು. ಪಕ್ಕವಾದ್ಯ ವಿದ್ಯುತ್ ಗಿಟಾರು, ಆರ್ಗನ್ನು, ಡ್ರಮ್ಮುಗಳು. ನಮ್ಮ ಮನೆಗಳ ಭಜನೆಯ ನಾಮವನ್ನು ಹೀಗೆ ಕುಣಿತದ ಅಂಗಳಕ್ಕೆ ಎಳೆದು ತಂದದ್ದು ಗೌರವವೋ, ಲಘುತ್ವವೋ? ಹಾಡನ್ನು ಕೇಳಿದ ಆಸ್ತಿಕನ ಮನಸ್ಸಿನಲ್ಲಿ ಈ ಪ್ರಶ್ನೆ ಏಳುವುದು ಸಹಜ. ಆದರೆ ತೀರ್ಪು ಕೊಡುವ ಮೊದಲು ವಿಷಯವನ್ನು ಸ್ವಲ್ಪ ತಿಳಿಯುವುದು ನ್ಯಾಯ.

ಆ ತಂಡದ ಹೆಸರು ಕುಲ ಶೇಕರ್. ಹನ್ನೆರಡು ಮಂದಿ ಆಳ್ವಾರರಲ್ಲಿ ಒಬ್ಬನಾದ, ‘ಮುಕುಂದಮಾಲೆ’ಯ ಕರ್ತೃವೆಂದು ಪ್ರಸಿದ್ಧನಾದ, ಅರಸನೂ ಭಕ್ತನೂ ಆಗಿದ್ದ ಕುಲಶೇಖರನ ಹೆಸರೇ ಅವರ ಬಾಯಲ್ಲಿ ಹಾಗಾಯಿತು. ಕ್ರಿಸ್ಪಿಯನ್ ಮಿಲ್ಸ್ ಹಾಡುಗಾರ, ಗಿಟಾರು ವಾದಕ. ಅಲೊಂಜಾ ಬೆವನ್, ಪಾಲ್ ವಿಂಟರ್‌ಹಾರ್ಟ್, ಜೇ ಡಾರ್ಲಿಂಗ್ಟನ್ ಉಳಿದ ಮೂವರು. 1996ರ ಸೆಪ್ಟೆಂಬರಿನಲ್ಲಿ ಹೊರಬಂದ ಇವರ ಮೊದಲ ಗೀತಸಂಪುಟದ ಹೆಸರು ಒಂದೇ ಅಕ್ಷರ: ‘ಕೆ’. ಹದಿಮೂರು ಗೀತೆಗಳ ಈ ಸಂಪುಟ ಬ್ರಿಟನ್ನಿನ ಗೀತಸಂಪುಟಗಳ ಪಟ್ಟಿಯಲ್ಲಿ ಮೊದಲನೆಯ ಸ್ಥಾನವನ್ನೇ ಪಡೆಯಿತು. ಅದರ ಮುಖಚಿತ್ರದಲ್ಲಿ ಕೆನಡಿ, ಕಾರ್ಲ್ ಮಾರ್ಕ್ಸ್ ಮೊದಲಾದ ‘ಕ’ಕಾರದ ಹೆಸರಿನವರೆಲ್ಲ ಸಂತೆ ನೆರೆದಂತೆ ನಿಂತಿದ್ದಾರೆ.

ಇವರ ಸಂಗೀತಕ್ಕೆ ‘ಸೈಕೆಡೆಲಿಕ್ ರಾಕ್’ ಎಂದು ಹೆಸರು. ಸೈಕೆಡೆಲಿಕ್ ಎಂಬುದು 1956ರಲ್ಲಿ ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯರು ಕಟ್ಟಿದ ಶಬ್ದ. ಗ್ರೀಕ್ ಭಾಷೆಯಲ್ಲಿ ‘ಸೈಕೆ’ ಎಂದರೆ ಆತ್ಮ, ಮನಸ್ಸು. ‘ಡೆಲೋಸ್’ ಎಂದರೆ ಪ್ರಕಟವಾದದ್ದು. ಮನಸ್ಸಿನ ಆಳವನ್ನು ಹೊರಗೆ ತೋರಿಸುವಂಥದು ಎಂದು ತಾತ್ಪರ್ಯ. ಎಲ್.ಎಸ್.ಡಿ. ಎಂಬ ಮಾದಕದ್ರವ್ಯಕ್ಕೆ ಹೊಂದಿಕೊಂಡು ಬೆಳೆದ ಈ ಶಬ್ದ 1965-67ರ ಸುಮಾರಿಗೆ ಸಂಗೀತಕ್ಕೂ ಅಂಟಿಕೊಂಡಿತು. ಆ ವರ್ಷಗಳಲ್ಲಿಯೇ ಪಾಶ್ಚಾತ್ಯ ತರುಣರ ಕಿವಿ ನಮ್ಮ ವಾದ್ಯಗಳ ಕಡೆಗೆ ತಿರುಗಿತು. 1965ರಲ್ಲಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ತಮ್ಮ ಹಾಡೊಂದಕ್ಕೆ ಸಿತಾರ್ ನುಡಿಸಿದರು. ಬಳಿಕ ಪಂಡಿತ ರವಿಶಂಕರರಲ್ಲಿ ಶಿಷ್ಯವೃತ್ತಿ ಮಾಡಿದರು. ಲಂಡನ್ನಿನ ರಾಧಾಕೃಷ್ಣ ಮಂದಿರದ ಭಕ್ತರು ಹಾಡಿದ ಹರೇಕೃಷ್ಣ ಮಂತ್ರವನ್ನು 1969ರಲ್ಲಿ ಮುದ್ರಿಕೆಗೆ ತಂದವರೂ ಅವರೇ. ಅದು ಅದೇ ವಾರದ ಪಟ್ಟಿಯಲ್ಲಿ 12ನೆಯ ಸ್ಥಾನಕ್ಕೆ ಬಂದಿತ್ತು.

ಅಂದರೆ ‘ಕೆ’ ಸಂಪುಟದ ತರುಣರು ತಾವು ಹುಟ್ಟುವುದಕ್ಕೆ ಮೊದಲೇ ಅರಳಿ ಬಾಡಿದ್ದ ಒಂದು ಶೈಲಿಯನ್ನು ಮೂವತ್ತು ವರ್ಷಗಳ ಮೇಲೆ ಮತ್ತೆ ಕೈಗೆತ್ತಿಕೊಂಡವರು. ಅವರ ಧ್ವನಿಮುದ್ರಣದ ಹೊಣೆ ಹೊತ್ತ ಜಾನ್ ಲೆಕಿ, 1970ರಲ್ಲಿ ಹ್ಯಾರಿಸನ್ನರ ಸಂಪುಟ ಸಿದ್ಧವಾಗುತ್ತಿದ್ದಾಗ ಟೇಪು ನಡೆಸುವ ಸಹಾಯಕರಾಗಿದ್ದವರು. ಹೀಗೆ ಗುರುಶಿಷ್ಯರ ಒಂದು ಎಳೆ ಅಲ್ಲಿಯೂ ಉಂಟು. ನಮ್ಮ ಹಳಗನ್ನಡ ಕವಿಗಳು ಕಾವ್ಯಾರಂಭದಲ್ಲಿ ಪೂರ್ವಕವಿಗಳನ್ನು ಸ್ತುತಿಸುವುದುಂಟಲ್ಲವೆ? ಇವರೂ 1995ರಲ್ಲಿ ತೀರಿಕೊಂಡ ಅಮೆರಿಕದ ಗಿಟಾರು ವಾದಕ ಜೆರಿ ಗಾರ್ಸಿಯಾ ಅವರನ್ನು ಒಂದು ಹಾಡಿನಲ್ಲಿ ನೆನೆದಿದ್ದಾರೆ. ಹಳೆಯದನ್ನು ಕದ್ದು ಹೊಸದೆಂದು ಮಾರುವವನು ಮೂಲದವರ ಹೆಸರೆತ್ತುವುದಿಲ್ಲ.

ಇನ್ನು ಮಾತಿನ ವಿಚಾರ. ಸಂಪುಟದ 9ನೆಯ ಗೀತೆ ‘ತತ್ತ್ವ’. ‘ತತ್’ ಎಂದರೆ ಅದು. ‘ತತ್ತ್ವ’ವೆಂದರೆ ಅದರ ಅದುತನ, ಇದ್ದುದರ ನಿಜ. ಆ ಹಾಡಿನ ಪಲ್ಲವಿಗೆ ಆಧಾರವಾಗಿರುವುದು ‘ಅಚಿಂತ್ಯಭೇದಾಭೇದ’ವೆಂಬ ಸಿದ್ಧಾಂತದ ಹೆಸರು. ವಂಗದೇಶದ ಶ್ರೀಚೈತನ್ಯರ (1486-1534) ಪರಂಪರೆಯವರ ಮತವಿದು. ಬೆಂಕಿಯನ್ನೂ ಅದರ ಕಾವನ್ನೂ ನೆನೆದುಕೊಳ್ಳಿ. ಎರಡೂ ಒಂದೇ ಎನ್ನೋಣವೆಂದರೆ ಕಾವು ದೂರಕ್ಕೂ ತಾಗುತ್ತದೆ, ಬೆಂಕಿ ಒಲೆಯಲ್ಲೇ ಇರುತ್ತದೆ. ಬೇರೆ ಎನ್ನೋಣವೆಂದರೆ ಬೆಂಕಿಯನ್ನು ಬಿಟ್ಟು ಕಾವಿಲ್ಲ. ಜೀವನಿಗೂ ಭಗವಂತನಿಗೂ ಹೀಗೆಯೇ ಭೇದವೂ ಅಭೇದವೂ ಏಕಕಾಲದಲ್ಲಿ ಉಂಟು. ಅದು ತರ್ಕಕ್ಕೆ ನಿಲುಕದ್ದರಿಂದ ಅಚಿಂತ್ಯ. ಈ ಪರಂಪರೆಯವರು ತಮ್ಮ ಗುರುಪೀಳಿಗೆಯಲ್ಲಿ ನಮ್ಮ ಉಡುಪಿಯ ಶ್ರೀಮಧ್ವಾಚಾರ್ಯರನ್ನೂ ಎಣಿಸುತ್ತಾರೆಂಬುದು ಕನ್ನಡಿಗರು ನೆನೆಯತಕ್ಕ ಮಾತು. ಆಚಾರ್ಯರು ಪಂಚಭೇದವನ್ನು ಸಾರಿದವರು, ಅಭೇದವನ್ನು ಒಪ್ಪಿದವರಲ್ಲ. ಆದರೂ ಆ ಪಂಥದ ಭಕ್ತರು ಅವರನ್ನು ಗುರುವೆಂದೇ ವಂದಿಸುತ್ತಾರೆ.

‘ತತ್ತ್ವ’ಕ್ಕಿಂತ ಮೊದಲೇ, 4ನೆಯದಾಗಿ ಬರುವುದು ‘ಗೋವಿಂದ’. ‘ಗೋ’ ಶಬ್ದಕ್ಕೆ ಹಸು, ಭೂಮಿ, ವಾಕ್ಕು, ಇಂದ್ರಿಯಗಳೆಂದು ಹಲವು ಅರ್ಥಗಳು. ಅವನ್ನು ಪಡೆದವನು, ಅರಿತವನು ಗೋವಿಂದ. ಹಾಡು ತಂಬೂರಿಯ ಶ್ರುತಿಯಿಂದ ಮೊದಲಾಗುತ್ತದೆ. ಆಮೇಲೆ ಡ್ರಮ್ಮೂ ಗಿಟಾರೂ ಗುಡುಗುತ್ತವೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ಪಾಶ್ಚಾತ್ಯ ಗೀತೆಯಲ್ಲಿ ಹಿನ್ನೆಲೆಯ ಸ್ವರಮೇಳ ಮೇಲಿಂದ ಮೇಲೆ ಸ್ಥಳ ಬದಲಿಸುತ್ತದೆ. ಕೇಳುವವನು ಪ್ರಯಾಣ ಹೊರಟಂತೆ, ಮತ್ತೆ ಮನೆ ಸೇರಿದಂತೆ ಅನುಭವಿಸುತ್ತಾನೆ. ನಮ್ಮ ಸಂಗೀತದಲ್ಲಿ ಷಡ್ಜ ಪಂಚಮಗಳು ಕದಲದೆ ನಿಲ್ಲುತ್ತವೆ. ಮನೆ ಬಿಟ್ಟು ಹೊರಡುವುದೇ ಇಲ್ಲ. ಅರುವತ್ತರ ದಶಕದ ಆ ಸಂಗೀತಗಾರರನ್ನು ಬೆರಗುಗೊಳಿಸಿದ್ದು ಈ ನಿಶ್ಚಲತೆಯೇ. ನಾಮಸಂಕೀರ್ತನೆಗೆ ಬೇಕಾದದ್ದೂ ಅದೇ: ಒಂದೇ ಶ್ರುತಿ, ಒಂದೇ ನಾಮ, ಮತ್ತೆ ಮತ್ತೆ.

ಹಾಗಾದರೆ ತೀರ್ಪೇನು? ಸಂಪುಟವೆಲ್ಲ ಒಂದೇ ತೂಕದ್ದಲ್ಲ. ‘ತತ್ತ್ವ’ದ ಪಲ್ಲವಿ ಗಂಭೀರವಾದರೂ ಸುತ್ತಲಿನ ಇಂಗ್ಲಿಷ್ ಸಾಲುಗಳು ಆ ಭಾರವನ್ನು ಹೊರುವುದಿಲ್ಲ; ಸಿದ್ಧಾಂತದ ಹೆಸರು ಅಲ್ಲಿ ಕೊರಳಿನ ಹಾರದಂತಿದೆ, ಉಸಿರಿನಂತಿಲ್ಲ. ‘ಗೋವಿಂದ’ದಲ್ಲಿ ಹಾಗಲ್ಲ. ಹಾಡುಗಾರನು ತನ್ನ ಮಾತೊಂದನ್ನೂ ಸೇರಿಸಿಲ್ಲ, ವ್ಯಾಖ್ಯಾನ ಮಾಡಿಲ್ಲ, ನಾಮಕ್ಕೆ ದಾರಿ ಬಿಟ್ಟು ತಾನು ಪಕ್ಕಕ್ಕೆ ನಿಂತಿದ್ದಾನೆ. ಉಚ್ಚಾರಣೆ ನಮ್ಮದಲ್ಲ, ಲಯ ನಮ್ಮದಲ್ಲ. ಆದರೂ ಹಾಡು ನಿಲ್ಲುತ್ತದೆ. ಎರವಲು ತಂದ ವಸ್ತುವಿನಿಂದ ತನ್ನನ್ನು ಅಲಂಕರಿಸಿಕೊಳ್ಳುವುದು ಒಂದು; ಆ ವಸ್ತುವಿನ ಕೆಲಸವನ್ನು ಅದಕ್ಕೇ ಮಾಡಗೊಡುವುದು ಇನ್ನೊಂದು. ಗೌರವ ಇರುವುದು ಎರಡನೆಯದರಲ್ಲಿ.

ಈ ಎಚ್ಚರ ತಪ್ಪಿದರೆ ಆಗುವ ಕಷ್ಟವನ್ನೂ ಆ ತಂಡ ಕಂಡಿತು. 1997ರಲ್ಲಿ ಮಿಲ್ಸ್ ಸಂದರ್ಶನವೊಂದರಲ್ಲಿ ಸ್ವಸ್ತಿಕದ ಚಿಹ್ನೆಯನ್ನು ಮೆಚ್ಚಿ ಮಾತಾಡಿದರು. ನಮ್ಮ ಹೊಸ್ತಿಲ ಮೇಲೆ ಮಂಗಳವೆನಿಸುವ ಆ ಚಿಹ್ನೆ ಯೂರೋಪಿನಲ್ಲಿ ಹಿಟ್ಲರನ ಕಾಲದ ಕೊಲೆಗಳನ್ನು ನೆನಪಿಗೆ ತರುತ್ತದೆ. ಪತ್ರಿಕೆಗಳಲ್ಲಿ ದೊಡ್ಡ ಕೋಲಾಹಲವಾಯಿತು. ಅವರು ಕ್ಷಮೆ ಕೇಳಿದರೂ ತಂಡದ ಹೆಸರಿಗೆ ಪೆಟ್ಟು ಬಿತ್ತು. 1999ರಲ್ಲಿ ತಂಡ ಒಡೆಯಿತು; ಕೆಲವು ವರ್ಷಗಳ ಮೇಲೆ ಮತ್ತೆ ಕೂಡಿ, 2007ರಲ್ಲಿ ಹೊಸ ಸಂಪುಟ ತಂದಿತು. ಚಿಹ್ನೆಯಾಗಲಿ ಶಬ್ದವಾಗಲಿ, ಒಂದು ನೆಲದಿಂದ ಇನ್ನೊಂದಕ್ಕೆ ಹೋಗುವಾಗ ಅಲ್ಲಿಯವರ ನೋವನ್ನೂ ಅರಿತು ಹೋಗಬೇಕು.

ನಿಮ್ಮ ಮನೆಯ ಮಕ್ಕಳು ಈ ಹಾಡನ್ನು ಕೇಳುತ್ತಿದ್ದರೆ ಗದರಬೇಡಿ. ಪಕ್ಕದಲ್ಲಿ ಕುಳಿತು ಮೊದಲು ತಂಬೂರಿಯನ್ನು ಕೇಳಿ; ಅಬ್ಬರದ ನಡುವೆಯೂ ಶ್ರುತಿಯನ್ನು ಕಿವಿಯಲ್ಲಿ ಹಿಡಿದುಕೊಳ್ಳಿ. ಬಳಿಕ ಗೋವಿಂದ ಶಬ್ದದ ಅರ್ಥವನ್ನು ಅವರಿಗೆ ಬಿಡಿಸಿ ಹೇಳಿ. ನಾಮವನ್ನು ಹಾಡಿದವರು ಹೊರಗಿನವರಾದರೂ, ಅದರ ಅರ್ಥವನ್ನು ತಿಳಿಸುವ ಹೊಣೆ ನಮ್ಮದೇ ಅಲ್ಲವೆ?